ಐಂಡ್‌ಹೋವನ್ ಹಿತ್ತಲಿನ ಕ್ರೇಪ್ ಮಿರ್ಟಲ್: ತೊಗಟೆ ನಂಬಿದವರ ಪಾಠಗಳು

ನೆದರ್ಲ್ಯಾಂಡ್ಸ್‌ನ ಐಂಡ್‌ಹೋವನ್ನಿನಲ್ಲಿ ಮನೆ ಮಾಡಿದ ಕನ್ನಡದವರು ಹಿತ್ತಲಿಗೆ ಒಂದು ಚಿಕ್ಕ ಹೂವಿನ ಮರ ಯಾವುದು ಒಳ್ಳೇದು ಎಂದು ಕೇಳಿದಾಗ, ಜನವರಿಯಲ್ಲಿ ಅಡುಗೆಮನೆ ಕಿಟಕಿಯಿಂದ ಅವರಿಗೆ ಏನು ಕಾಣುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ. ಕಾಣುವುದು ನೆನೆದ ಹಲಗೆ ಬೇಲಿ, ಬೂದು ಟೈಲ್ಸು, ಕಸದ ಡಬ್ಬಿ. ಈ ಊರಲ್ಲಿ ಮರ ಆರಿಸುವ ಮಾತು ಅಲ್ಲಿಂದಲೇ ಶುರುವಾಗಬೇಕು.

ನಾನು ಹೇಳುತ್ತಿರುವುದು ಕ್ರೇಪ್ ಮಿರ್ಟಲ್ ಬಗ್ಗೆ, ಅಂದರೆ ಲಾಗರ್‌ಸ್ಟ್ರೋಮಿಯಾ ಇಂಡಿಕಾ ಮತ್ತು ಅದರ ಮಿಶ್ರತಳಿಗಳು. ಬೆಂಗಳೂರಿನ ಬೀದಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ನೇರಳೆ ಹೂವು ಹೊತ್ತು ನಿಲ್ಲುವ ಹೊಳೆ ದಾಸವಾಳ ಇದರ ಹತ್ತಿರದ ನೆಂಟ. ನಾಗರಹೊಳೆಯ ಕಾಡಿನಲ್ಲಿ ತೇಗ, ಮತ್ತಿಗಳ ನಡುವೆ ಬಿಳಿಚಿದ ನುಣುಪು ಕಾಂಡದಿಂದ ಎದ್ದು ಕಾಣುವ ನಂದಿ ಮರವೂ ಇದೇ ಕುಲದ್ದು. ದಾಳಿಂಬೆ, ಮದರಂಗಿ ಇದೇ ಕುಟುಂಬದವು. ಹೀಗಾಗಿ ನಮ್ಮವರಿಗೆ ಈ ಮರದ ಮೇಲೆ ಪ್ರೀತಿ ಹುಟ್ಟುವುದು ಸಹಜ. ಆ ಪ್ರೀತಿ ಹೂವಿನ ಮೇಲೆ ಹೋಗಿ ನಿಲ್ಲುವುದೇ ತೊಂದರೆ.

1. ತೊಗಟೆಗೆ ಬೆಳೆಸಿ, ಹೂವು ಬಂದರೆ ಲಾಭ

ಲೆಕ್ಕ ನೋಡಿ. ಇಲ್ಲಿ ಈ ಮರ ಎಲೆ ಬಿಡುವುದು ಮೇ ಮಧ್ಯಕ್ಕೆ. ಎಲೆ ಉದುರಿಸುವುದು ಅಕ್ಟೋಬರ್ ಕೊನೆ, ಹೆಚ್ಚೆಂದರೆ ನವೆಂಬರ್ ಮೊದಲ ವಾರ. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಅದು ಬರಿಯ ಕಾಂಡ, ಕೊಂಬೆ. ಹೂವು ಬರುವುದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಅದೂ ಬೇಸಿಗೆ ಕಾವು ಕೊಟ್ಟರೆ. ಮೋಡದಲ್ಲೇ ಜುಲೈ ಕಳೆದ ವರ್ಷ ಮೊಗ್ಗುಗಳು ಬಿರಿಯದೆ ಅಕ್ಟೋಬರ್ ಮಳೆಗೆ ಕಪ್ಪಾಗಿ ಉದುರುತ್ತವೆ. 2019ರ ಜುಲೈ 24ರಂದು ಇದೇ ಐಂಡ್‌ಹೋವನ್ನಿನಲ್ಲಿ 39.3 ಡಿಗ್ರಿ ದಾಖಲಾಗಿ 1944ರಿಂದ ನಿಂತಿದ್ದ ದೇಶದ ದಾಖಲೆ ಮುರಿಯಿತು. ಮರುದಿನವೇ ಖಿಲ್ಜೆ-ರೈಯನ್‌ನಲ್ಲಿ 40.7 ಆಯಿತು. ಅಂಥ ಬೇಸಿಗೆಗಳು ಹೆಚ್ಚುತ್ತಿವೆ, ನಿಜ. ಆದರೆ ಹೂವಿಗೆ ಬೇಕಾದದ್ದು ಎರಡು ದಿನದ ಬೆಂಕಿಯಲ್ಲ, ಎರಡು ತಿಂಗಳ ಸಮನಾದ ಬಿಸಿಲು. ಅದು ಇಲ್ಲಿ ಪ್ರತಿ ವರ್ಷ ಸಿಗುವ ವಸ್ತುವಲ್ಲ.

ತೊಗಟೆಗೆ ಈ ಷರತ್ತಿಲ್ಲ. ಕಾಂಡ ಮಣಿಕಟ್ಟಿನ ದಪ್ಪ ದಾಟಿದ ಮೇಲೆ ಪ್ರತಿ ಬೇಸಿಗೆಯಲ್ಲೂ ಹೊರಗಿನ ಸತ್ತ ಪದರ ತೆಳುವಾದ ಚಕ್ಕೆಗಳಾಗಿ ಬಿಟ್ಟುಕೊಳ್ಳುತ್ತದೆ. ಒಳಗಿನದು ದಾಲ್ಚಿನ್ನಿ ಕೆಂಪು, ತಿಳಿಗಂದು, ಬೂದು, ಕೆಲವು ಕಡೆ ಹಸಿರು ಛಾಯೆ. ಮಳೆಯಲ್ಲಿ ನೆಂದಾಗ ಬಣ್ಣ ಇನ್ನೂ ಗಾಢ. ಮಳೆಗೆ ಇಲ್ಲಿ ಬರವಿಲ್ಲವಲ್ಲ.

ಇದನ್ನು ಒಪ್ಪಿಕೊಂಡರೆ ಮುಂದಿನ ಎಲ್ಲ ತೀರ್ಮಾನಗಳೂ ಬದಲಾಗುತ್ತವೆ: ಯಾವ ತಳಿ, ಎಲ್ಲಿ ನೆಡುವುದು, ಯಾವ ಕೊಂಬೆ ಕತ್ತರಿಸುವುದು, ಚಳಿಯಲ್ಲಿ ಯಾವುದನ್ನು ಉಳಿಸಿಕೊಳ್ಳುವುದು.

2. ಕೊಳ್ಳುವಾಗ ಹೂವಿನ ಫೋಟೋ ತಿರುಗಿಸಿಟ್ಟು ಕಾಂಡ ನೋಡಿ

ಉದ್ಯಾನ ಮಳಿಗೆಗಳಲ್ಲಿ ಇದು ಸಾಮಾನ್ಯವಾಗಿ ಬರುವುದು ಆಗಸ್ಟ್‌ನಲ್ಲಿ, ದಕ್ಷಿಣ ಯುರೋಪಿನ ಬಿಸಿಲಲ್ಲಿ ಬೆಳೆದು, ಹೂವು ತುಂಬಿಕೊಂಡು. ಒಂದೇ ನೆಟ್ಟಗಿನ ಕಾಂಡ, ಮೇಲೆ ದುಂಡಗೆ ಕತ್ತರಿಸಿದ ತಲೆ. ನೋಡಲು ಚೆಂದ. ತೊಗಟೆಯ ದೃಷ್ಟಿಯಿಂದ ನನಗೆ ಇದು ಅತಿ ಕಡಿಮೆ ಇಷ್ಟ. ಪ್ರತಿ ವರ್ಷ ಒಂದೇ ಜಾಗಕ್ಕೆ ತಲೆ ಕತ್ತರಿಸಿದ್ದರಿಂದ ಅಲ್ಲಿ ಗಂಟು ಬಿದ್ದಿರುತ್ತದೆ. ಕಾಂಡ ಒಂದೇ ಇರುವುದರಿಂದ ಅದು ಚಳಿಗೆ ಒಡೆದರೆ ಮರವೇ ಹೋಯಿತು. ಬುಡದಿಂದಲೇ ಮೂರರಿಂದ ಐದು ಕಾಂಡ ಎದ್ದಿರುವ ಗಿಡ ಕೇಳಿ. ಡಚ್ಚರು ಅದನ್ನು ಮೇರ್‌ಸ್ಟಾಮಿಖ್ ಎನ್ನುತ್ತಾರೆ. ಐಂಡ್‌ಹೋವನ್ನಿನಿಂದ ಪಶ್ಚಿಮಕ್ಕೆ, ಇದೇ ಬ್ರಬಾಂಟ್ ಪ್ರಾಂತ್ಯದಲ್ಲಿ, ಝುಂಡರ್ಟ್ ಸುತ್ತ ಮರದ ನರ್ಸರಿಗಳ ಸೀಮೆಯೇ ಇದೆ. ಹೆದ್ದಾರಿ ಪಕ್ಕದ ಮಳಿಗೆಗಿಂತ ಅಲ್ಲಿ ಬೆಳೆಗಾರನ ಜೊತೆ ನಿಂತು ಗಿಡ ಆರಿಸುವುದು ಮೇಲು.

ತಳಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಶುದ್ಧ ಇಂಡಿಕಾ ಮೂಲತಃ ಚೀನಾದ ಕಡೆಯದು. ಹೂವಿನ ಬಣ್ಣಗಳು ಅದರಲ್ಲಿ ಹೆಚ್ಚು, ಆದರೆ ಬೂದಿ ರೋಗ ಬೇಗ ಹತ್ತುತ್ತದೆ. ತೊಗಟೆ ಚೆನ್ನಾಗಿದ್ದರೂ ಬಣ್ಣ ಸ್ವಲ್ಪ ಸಪ್ಪೆ. ಆಟ ಬದಲಾದದ್ದು ಜಪಾನಿನ ಯಾಕುಶಿಮಾ ದ್ವೀಪದಿಂದ. ಅಲ್ಲಿನ ಫೌರಿಯೈ ಎಂಬ ಜಾತಿಗೆ ಬಿಳಿ ಹೂವು, ಅಪರೂಪದ ಕೆಂಗಂದು ತೊಗಟೆ, ಬೂದಿ ರೋಗ ತಡೆಯುವ ಗುಣ. 1956ರಲ್ಲಿ ಅಮೆರಿಕದ ಸಸ್ಯಸಂಗ್ರಾಹಕ ಜಾನ್ ಕ್ರೀಚ್ ಅದರ ಬೀಜ ತಂದರು. ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಡೊನಾಲ್ಡ್ ಎಗೊಲ್ಫ್ ಅದನ್ನು ಇಂಡಿಕಾ ಜೊತೆ ಸಂಕರಿಸಿ, ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಹೆಸರಿಟ್ಟು ತಳಿಗಳನ್ನು ಬಿಡುಗಡೆ ಮಾಡುತ್ತಾ ಹೋದರು. 1978ರ ‘ನ್ಯಾಚೆಝ್’ ಬಿಳಿ ಹೂವಿನದು, ದಾಲ್ಚಿನ್ನಿ ಬಣ್ಣದ ಕಾಂಡ. ಅದೇ ವರ್ಷದ ‘ಮಸ್ಕೋಗಿ’ ತಿಳಿ ನೇರಳೆ ಹೂವು, ಬೂದು-ಕಂದು ಕಾಂಡ. ತೊಗಟೆಗೇ ಬೆಳೆಸುವುದಾದರೆ ನನ್ನ ಮತ ‘ನ್ಯಾಚೆಝ್‌’ಗೆ. ಅಮೆರಿಕದ ದಕ್ಷಿಣದಲ್ಲಿ ಅದು ಎರಡಂತಸ್ತಿನ ಮನೆಯಷ್ಟು ಬೆಳೆಯುತ್ತದೆ ಎಂದು ಓದಿ ಹೆದರಬೇಡಿ. ಬ್ರಬಾಂಟಿನ ಬೇಸಿಗೆ ಅದನ್ನು ಅಷ್ಟು ದೂರ ಓಡಲು ಬಿಡುವುದಿಲ್ಲ.

ಫ್ರಾನ್ಸಿನಿಂದ ಬರುವ ‘ಇಂಡಿಯಾ ಚಾರ್ಮ್ಸ್’ ಸರಣಿ ಇಲ್ಲಿ ಸುಲಭವಾಗಿ ಸಿಗುತ್ತದೆ. ಬೇಗ ಹೂವು ಬಿಡುವ ಕುಳ್ಳ ತಳಿಗಳು. ಬಾಲ್ಕನಿಯ ಕುಂಡಕ್ಕೆ ಒಳ್ಳೆಯವು. ಮರ ಬೇಕೆನ್ನುವವರಿಗೆ ಅಲ್ಲ.

3. ಡಿಸೆಂಬರಿನ ನೆರಳು ಅಳೆದು ಜಾಗ ಹುಡುಕಿ

ಬೆಂಗಳೂರಿನಲ್ಲಿ ಬಿಸಿಲಿನ ಜಾಗ ಎಂದರೆ ಬಿಸಿಲಿನ ಜಾಗ. ಇಲ್ಲಿ ಅದಕ್ಕೆ ತಿಂಗಳು ಸೇರಿಸಿ ಹೇಳಬೇಕು. ಐಂಡ್‌ಹೋವನ್ ಇರುವುದು 51.4 ಡಿಗ್ರಿ ಉತ್ತರದಲ್ಲಿ. ಜೂನ್ ಮಧ್ಯಾಹ್ನ ಸೂರ್ಯ 62 ಡಿಗ್ರಿ ಎತ್ತರ ಏರುತ್ತಾನೆ. ಡಿಸೆಂಬರ್ 21ರಂದು ಬರೀ 15. ಆ ದಿನ ಬೆಂಗಳೂರಿನಲ್ಲಿ ಅವನು 53ರ ಮೇಲಿರುತ್ತಾನೆ.

ಇದರ ಅರ್ಥ ಅಡಿಪಟ್ಟಿಯಲ್ಲಿ ಹೀಗೆ. ಇಲ್ಲಿನ ಮಾಮೂಲಿ ಹಲಗೆ ಬೇಲಿ 1.8 ಮೀಟರ್. ಡಿಸೆಂಬರ್ ನಡುಹಗಲಲ್ಲಿ ಅದರ ನೆರಳು 6.7 ಮೀಟರ್ ಉದ್ದ. ಹಿತ್ತಲು 10 ಮೀಟರ್ ಇದ್ದು ಬೇಲಿ ದಕ್ಷಿಣ ತುದಿಗಿದ್ದರೆ, ನೆಲದ ಮೇಲೆ ಬಿಸಿಲು ಬೀಳುವುದು ಮನೆಗೋಡೆಗೆ ತಾಗಿದ ಮೂರು ಮೀಟರಿಗೆ ಮಾತ್ರ. ಹಿಂದಿನ ಸಾಲಿನ ಮನೆಗಳು 9 ಮೀಟರ್ ಎತ್ತರವಾದರೆ ಅವುಗಳ ನೆರಳು 33 ಮೀಟರ್. ಸಾಲುಮನೆಗಳ ಎಷ್ಟೋ ಹಿತ್ತಲುಗಳಿಗೆ ಡಿಸೆಂಬರಿನಲ್ಲಿ ಬಿಸಿಲೇ ಇಲ್ಲ ಎಂದಾಯಿತು. ಬೇಸರವೇನೂ ಬೇಡ. ಫೆಬ್ರವರಿ ಕೊನೆಗೆ ಸೂರ್ಯ 30 ಡಿಗ್ರಿ ದಾಟುತ್ತಾನೆ, ಬೇಲಿಯ ನೆರಳು ಮೂರು ಮೀಟರಿಗೆ, ಮನೆಯ ನೆರಳು ಸುಮಾರು 15ಕ್ಕೆ ಇಳಿಯುತ್ತದೆ. ಅಲ್ಲಿಂದ ಮೇ ಮಧ್ಯದವರೆಗೆ, ಎಲೆ ಇಲ್ಲದ ಕಾಂಡದ ಮೇಲೆ ಓರೆ ಬಿಸಿಲು ಬೀಳುವ ಆ ಹನ್ನೊಂದು ವಾರವೇ ತೊಗಟೆಯ ಸುಗ್ಗಿ. ನಮ್ಮ ಯುಗಾದಿ ಬರುವುದೂ ಆ ನಡುವೆಯೇ. ಜಾಗ ಹುಡುಕುವಾಗ ಆ ಹೊತ್ತಿನ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಿರಿ.

ಇಲ್ಲಿ ನಡುಹಗಲು ಎಂದರೆ ಹನ್ನೆರಡು ಗಂಟೆಯಲ್ಲ ಎನ್ನುವುದೂ ಗಮನದಲ್ಲಿರಲಿ. ಡಿಸೆಂಬರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂವರೆ ದಾಟಿ. ಬೇಸಿಗೆಯಲ್ಲಿ ಗಡಿಯಾರ ಮುಂದೆ ಹಾಕಿದ ಮೇಲೆ ಒಂದು ಮುಕ್ಕಾಲಿನ ಹೊತ್ತಿಗೆ.

ಗೋಡೆಯ ಮಾತು. ದಕ್ಷಿಣಕ್ಕೆ ಅಥವಾ ನೈಋತ್ಯಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆ ಹಗಲಿನ ಕಾವು ಹಿಡಿದಿಟ್ಟು ರಾತ್ರಿ ಬಿಡುತ್ತದೆ, ಹೂವಿಗೂ ಅದೇ ಆಸರೆ. ಗೋಡೆಯಿಂದ ಒಂದೂವರೆ ಮೀಟರ್ ಬಿಟ್ಟು ನೆಡಿ, ಇಲ್ಲವಾದರೆ ತಾರಸಿಯ ಚಾಚು ಮಳೆ ತಡೆದು ಬುಡ ಒಣಗುತ್ತದೆ. ಪೂರ್ವದ ಎಳೆಬಿಸಿಲು ಹೆಪ್ಪುಗಟ್ಟಿದ ಕಾಂಡಕ್ಕೆ ನೇರ ಹೊಡೆಯುವ ಜಾಗ ಬೇಡ. ಒಮ್ಮೆಲೇ ಕರಗಿ ತೊಗಟೆ ಉದ್ದಕ್ಕೆ ಸೀಳುತ್ತದೆ. ವಾಸ್ತು ನೋಡುವವರಿಗೆ ಇದು ಇಕ್ಕಟ್ಟು. ನೈಋತ್ಯಕ್ಕೆ ಮುಖ ಮಾಡಿದ ಜಾಗ ಸಿಗುವುದು ಹಿತ್ತಲಿನ ಈಶಾನ್ಯ ಮೂಲೆಯಲ್ಲಿ, ಅವರು ಖಾಲಿ ಬಿಡಿ ಎನ್ನುವುದೂ ಅದನ್ನೇ. ನಾನು ಸೂರ್ಯನ ಕಡೆ.

ಕೊನೆಯದಾಗಿ, ಮನೆಯೊಳಗೆ ದಿನವೂ ನಿಲ್ಲುವ ಜಾಗದಿಂದ, ಸಿಂಕಿನ ಮುಂದೆಯೋ ಊಟದ ಮೇಜಿನ ಬಳಿಯೋ, ಕಾಂಡದ ಕೆಳಗಿನ ಒಂದೂವರೆ ಮೀಟರ್ ಕಾಣಬೇಕು. ಚಳಿಗಾಲದಲ್ಲಿ ಹಿತ್ತಲಿಗೆ ಇಳಿದು ಮರ ನೋಡುವವರು ಯಾರೂ ಇಲ್ಲ.

4. ಬೇಲಿಯಿಂದ ಎರಡು ಮೀಟರ್

ನೆದರ್ಲ್ಯಾಂಡ್ಸ್‌ನ ಸಿವಿಲ್ ಸಂಹಿತೆಯ ಐದನೇ ಪುಸ್ತಕದ 42ನೇ ವಿಧಿಯಂತೆ, ಮರದ ಬುಡದ ನಡುವಿನಿಂದ ಗಡಿರೇಖೆಗೆ ಎರಡು ಮೀಟರ್ ಅಂತರ ಬೇಕು. ಪೊದೆ, ಬೇಲಿಗಿಡಗಳಿಗೆ ಅರ್ಧ ಮೀಟರ್ ಸಾಕು. ಪುರಸಭೆ ಕಡಿಮೆ ಅಂತರ ಒಪ್ಪಿದ್ದರೆ ಅದು ನಡೆಯುತ್ತದೆ. ಪಕ್ಕದವರು ಒಪ್ಪಿದರೂ ಆದೀತು. ಒಪ್ಪಿಗೆಯನ್ನು ಬರೆಸಿಕೊಳ್ಳಿ. ಒಪ್ಪಿದ ಪಕ್ಕದವನು ಮನೆ ಮಾರಿ ಹೋಗುತ್ತಾನೆ, ಬಂದವನಿಗೆ ನಿಮ್ಮ ಮಾತುಕತೆ ಗೊತ್ತಿರುವುದಿಲ್ಲ.

5. ಮರಳು ಮಣ್ಣು ಶತ್ರುವಲ್ಲ, ಟೈಲ್ಸಿನ ಕೆಳಗಿರುವುದು ಶತ್ರು

ದಕ್ಷಿಣ-ಪೂರ್ವ ಬ್ರಬಾಂಟಿನ ನೆಲ ಮರಳು. ಹಿಮಯುಗದಲ್ಲಿ ಗಾಳಿ ತಂದು ಹರವಿದ ಮರಳು, ಸ್ವಲ್ಪ ಹುಳಿ ಗುಣ, ಸಾರ ಕಡಿಮೆ, ನೀರು ನಿಲ್ಲದು. ಕ್ರೇಪ್ ಮಿರ್ಟಲ್‌ಗೆ ಹುಳಿ ಮಣ್ಣು ಒಗ್ಗುತ್ತದೆ, ಚಳಿಗಾಲದಲ್ಲಿ ಬೇರು ನೀರಲ್ಲಿ ನಿಲ್ಲದಿರುವುದು ಅದಕ್ಕೆ ವರ. ಪಶ್ಚಿಮದ ಜೇಡಿ ನೆಲದವರು ನಮ್ಮ ಮೇಲೆ ಹೊಟ್ಟೆಕಿಚ್ಚು ಪಡಬೇಕು.

ಆದರೆ ಮೀರ್‌ಹೋವನ್‌ನಂಥ ಹೊಸ ಬಡಾವಣೆಗಳಲ್ಲಿ ಗುದ್ದಲಿ ಹಾಕಿದರೆ ಸಿಗುವುದು ಮನೆ ಕಟ್ಟಲು ಸುರಿದು ಯಂತ್ರದಿಂದ ಅದುಮಿದ ತುಂಬು ಮರಳು, ಇಟ್ಟಿಗೆ ಚೂರು, ಗಾರೆ. ಗಾರೆಯ ಸುಣ್ಣ ಹುಳಿ ಗುಣವನ್ನು ಕೊಲ್ಲುತ್ತದೆ, ಎಲೆ ಹಳದಿಗಟ್ಟುತ್ತದೆ. ಮೊಣಕಾಲು ದಾಟುವಷ್ಟು ಆಳ ಅಗೆದು ಗಟ್ಟಿ ಪದರ ಒಡೆಯಲೇಬೇಕು. ಬರೀ ಗುಂಡಿಯೊಳಗೆ ಚೀಲದ ಮಣ್ಣು ತುಂಬಿದರೆ ಬೇರು ಆ ಗುಂಡಿಯಲ್ಲೇ ಸುತ್ತುತ್ತದೆ. ಕಾಂಪೋಸ್ಟನ್ನು ಅಗಲಕ್ಕೆ ಬೆರೆಸಿ.

ಟೈಲ್ಸು 30 ಸೆಂಟಿಮೀಟರ್ ಚೌಕ. ಹನ್ನೆರಡು ಎತ್ತಿದರೆ ಒಂದು ಚದರ ಮೀಟರಿಗಿಂತ ತುಸು ಹೆಚ್ಚು ನೆಲ ಸಿಗುತ್ತದೆ. ಮರಕ್ಕೆ ಅದರ ಎರಡರಷ್ಟು ಕೊಟ್ಟರೆ ಚೆನ್ನ. ಪ್ರತಿ ವರ್ಷ ಮಾರ್ಚ್ 21ರಿಂದ ಅಕ್ಟೋಬರ್ ಕೊನೆವರೆಗೆ ಊರು ಊರುಗಳ ನಡುವೆ ಟೈಲ್ಸು ಎತ್ತುವ ರಾಷ್ಟ್ರೀಯ ಸ್ಪರ್ಧೆಯೇ ನಡೆಯುತ್ತದೆ, ಟೇಗಲ್‌ವಿಪ್ಪನ್ ಎಂದು. ಉತ್ಸಾಹದಲ್ಲಿ ಎಲ್ಲವನ್ನೂ ಎತ್ತಬೇಡಿ. ಮರದ ದಕ್ಷಿಣಕ್ಕೆ ಒಂದು ಸಾಲು ಟೈಲ್ಸು ಉಳಿದರೆ ಬಿಸಿಲು ಅದಕ್ಕೆ ಬಡಿದು ಗಿಡಕ್ಕೆ ಕಾವು ಬರುತ್ತದೆ.

ನೆಡುವ ಕಾಲ ಏಪ್ರಿಲ್ ಕೊನೆಯಿಂದ ಜೂನ್. ಮರಗಳನ್ನು ನವೆಂಬರಿನಲ್ಲಿ ನೆಡಬೇಕೆಂಬ ಡಚ್ಚರ ಸಲಹೆ ಬೀಚ್, ಓಕ್‌ಗಳಿಗೆ ಸರಿ. ಇದಕ್ಕೆ ಬೇರು ಊರಿಕೊಳ್ಳಲು ಬೆಚ್ಚಗಿನ ಮಣ್ಣು ಬೇಕು. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಎರಡು ಬಕೆಟ್ ನೀರು ಒಮ್ಮೆಗೇ ಹನಿಸಿ. ದಿನಕ್ಕೊಂದು ಚೊಂಬು ಸುರಿದರೆ ಬೇರು ಮೇಲೇ ಉಳಿಯುತ್ತದೆ. 2018, 2022ರಂಥ ಬರದ ಬೇಸಿಗೆಯಲ್ಲಿ ಈ ಮರಳು ಒಂದು ವಾರದಲ್ಲಿ ಪುಡಿಯಾಗುತ್ತದೆ. ಅಕ್ಕಿ, ಬೇಳೆ ತೊಳೆದ ನೀರನ್ನೂ ಬುಡಕ್ಕೇ ಹಾಕಿ.

6. ಹೂವಿಗೆ ಚಳಿಯ ಹಂಗಿಲ್ಲ, ತೊಗಟೆಗೆ ಇದೆ

ಇದು ಪುಸ್ತಕಗಳು ಒತ್ತಿ ಹೇಳದ ವಿಷಯ. ಈ ಮರ ಹೂವು ಬಿಡುವುದು ಅದೇ ವರ್ಷದ ಹೊಸ ಚಿಗುರಿನ ತುದಿಯಲ್ಲಿ. ಚಳಿಗೆ ಮೇಲಿನ ಭಾಗವೆಲ್ಲ ಸತ್ತು, ಬುಡದಿಂದ ಹೊಸದಾಗಿ ಚಿಗುರಿದರೂ ಅದೇ ವರ್ಷ ಹೂವು ಬರಬಹುದು. ಹಾಗಾಗಿ ‘ಚಳಿ ತಡೆಯುತ್ತದೆ’ ಎಂಬ ಚೀಟಿಯ ಅರ್ಥ ಬೇರು ಬದುಕುತ್ತದೆ ಎಂದಷ್ಟೇ. ತೊಗಟೆ ನಂಬಿದವರಿಗೆ ಅದು ಸಾಲದು. ಐದಾರು ವರ್ಷದ ಕಾಂಡ ಒಂದು ರಾತ್ರಿಯಲ್ಲಿ ಹೋದರೆ ಮತ್ತೆ ಐದಾರು ವರ್ಷ.

ಚಳಿಗಾಲ ಮೆತ್ತಗಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಹೌದು, ಹೆಚ್ಚಿನ ವರ್ಷ ಗಟ್ಟಿ ಚಳಿ ಬರುವುದಿಲ್ಲ. ಆದರೆ 2012ರ ಫೆಬ್ರವರಿಯಲ್ಲಿ ಲೇಲಿಸ್ಟಾಡ್‌ನಲ್ಲಿ ಮೈನಸ್ 22.9 ಆಗಿತ್ತು, 2021ರ ಫೆಬ್ರವರಿಯಲ್ಲಿ ಹಿಮದ ಬಿರುಗಾಳಿಯ ಹಿಂದೆಯೇ ದೇಶದ ಪೂರ್ವದಲ್ಲಿ ಮೈನಸ್ 16. ಸರಾಸರಿ ನೋಡಿ ಕಾಂಡವನ್ನು ಮುಚ್ಚದೆ ಬಿಟ್ಟರೆ ಆಗದು.

ಕೆಲಸ ಶುರುವಾಗುವುದು ಚಳಿಗಾಲದಲ್ಲಲ್ಲ, ಜೂನ್ ಕೊನೆಗೆ. ಅಲ್ಲಿಗೆ ಗೊಬ್ಬರ ನಿಲ್ಲಬೇಕು. ಇಲ್ಲಿ ಸಗಣಿ ಗೊಬ್ಬರ ಒಣ ಗುಳಿಗೆಯಾಗಿ ಚೀಲದಲ್ಲಿ ಸಿಗುತ್ತದೆ. ಏಪ್ರಿಲ್‌ನಲ್ಲಿ ಎರಡು ಹಿಡಿ ಹಾಕಿದರೆ ವರ್ಷಕ್ಕೆ ಸಾಕು. ಆಗಸ್ಟ್‌ನಲ್ಲಿ ಹೂವಿನ ಆಸೆಗೆ ಗೊಬ್ಬರ ಸುರಿದರೆ ಸೆಪ್ಟೆಂಬರ್‌ನಲ್ಲಿ ಎಳಸು ರೆಂಬೆ ಬರುತ್ತದೆ, ಬಲಿಯದ ಆ ರೆಂಬೆಯೇ ಮೊದಲ ಹಿಮಕ್ಕೆ ಕಪ್ಪಾಗುವುದು.

ನವೆಂಬರಿನಲ್ಲಿ ಬುಡದ ಸುತ್ತ ಒಂದು ಗೇಣು ದಪ್ಪ ಒಣ ಎಲೆ ಹೊದಿಸಿ, ಕಾಂಡಕ್ಕೆ ತಾಗದಂತೆ. ಮೊದಲ ನಾಲ್ಕೈದು ಚಳಿಗಾಲ ಮೈನಸ್ ಎಂಟರ ಮುನ್ಸೂಚನೆ ಬಂದಾಗ ಕಾಂಡಗಳಿಗೆ ಗೋಣಿತಾಟು ಸುತ್ತಿ. ಪ್ಲಾಸ್ಟಿಕ್, ಬಬಲ್ ಹಾಳೆ ಬೇಡ. ಒಳಗೆ ನೀರು ಕೂತು ತೊಗಟೆ ಕೊಳೆಯುತ್ತದೆ. ಚಳಿ ಮುರಿದ ದಿನವೇ ಬಿಚ್ಚಿ. ವಿಡಿಯೋ ಕರೆಯಲ್ಲಿ ಇದನ್ನು ನೋಡಿದ ನನ್ನ ಅಮ್ಮ, “ಎಲೆಯಿಲ್ಲದ ಕಡ್ಡಿಗೆ ಯಾಕೋ ಕಂಬಳಿ ಹೊದಿಸ್ತೀಯ, ನೀನು ಮೊದಲು ಸ್ವೆಟರ್ ಹಾಕ್ಕೋ” ಎಂದಿದ್ದರು. ನೋಟಕ್ಕೆಂದೇ ನೆಟ್ಟ ಮರವನ್ನು ಮುಚ್ಚಿಡುವುದು ವಿಚಿತ್ರವೇ. ಚಳಿಗಾಲದಲ್ಲಿ ಅಂಥ ದಿನಗಳು ಕೆಲವೇ ಎನ್ನುವುದು ಸಮಾಧಾನ.

ಕುಂಡದಲ್ಲಿ ಬೆಳೆಸುವವರಿಗೆ ಬೇರೆ ನಿಯಮ. ಕುಂಡದ ಮಣ್ಣು ಎಲ್ಲ ಕಡೆಯಿಂದ ಹೆಪ್ಪುಗಟ್ಟುತ್ತದೆ. ಎಲೆ ಉದುರಿದ ಮೇಲೆ ಸೈಕಲ್ ಶೆಡ್ಡಿಗೆ ಸರಿಸಿ. ಎಲೆಯಿಲ್ಲದ ಮರಕ್ಕೆ ಕತ್ತಲೆ ಪರವಾಗಿಲ್ಲ. ಬಿಸಿ ಮಾಡಿದ ಹಾಲ್‌ಗೆ ತರಬೇಡಿ, ಜನವರಿಯಲ್ಲೇ ಚಿಗುರಿ ಸೊರಗುತ್ತದೆ.

7. ಮೇ ಕೊನೆಯವರೆಗೆ ಸಾವಿನ ಮಾತು ಬೇಡ

ಏಪ್ರಿಲ್‌ನಲ್ಲಿ ಚೆರ್ರಿ, ಮ್ಯಾಗ್ನೋಲಿಯಾ ಹೂವು ಮುಗಿಸಿರುತ್ತವೆ, ಇದು ಕಡ್ಡಿಯಂತೆ ನಿಂತಿರುತ್ತದೆ. ಪಕ್ಕದವರು ಬೇಲಿಯಾಚೆಯಿಂದ ಸಂತಾಪ ಹೇಳುತ್ತಾರೆ. ಉಗುರಿನಿಂದ ರೆಂಬೆ ಕೆರೆದು ನೋಡಿ, ಕೆಳಗೆ ಹಸಿರಿದ್ದರೆ ಮರ ಬದುಕಿದೆ. ಡಚ್ ರೈತರು ಮೇ 11ರಿಂದ 14ರವರೆಗಿನ ನಾಲ್ಕು ದಿನಗಳನ್ನು ಹಿಮಸಂತರ ದಿನ ಎನ್ನುತ್ತಾರೆ, ಅವು ಕಳೆಯುವವರೆಗೆ ನಾಜೂಕು ಗಿಡಗಳನ್ನು ಹೊರಗೆ ನೆಡುವುದಿಲ್ಲ. ಕ್ರೇಪ್ ಮಿರ್ಟಲ್ ಆ ಪಂಚಾಂಗವನ್ನು ತಾನಾಗಿಯೇ ಪಾಲಿಸುತ್ತದೆ.

8. ತಲೆ ಕತ್ತರಿಸಬೇಡಿ, ಕಾಲು ಬಿಡಿಸಿ

ಐಂಡ್‌ಹೋವನ್ನಿನ ಪಕ್ಕದ ನ್ಯೂನೆನ್‌ನಲ್ಲಿ ವ್ಯಾನ್ ಗೋ 1883ರ ಕೊನೆಯಿಂದ 1885ರವರೆಗೆ ಇದ್ದ. ಆಲೂಗೆಡ್ಡೆ ತಿನ್ನುವವರ ಚಿತ್ರ ಬರೆದ ಊರು ಅದು. 1884ರಲ್ಲಿ ಅವನು ಅಲ್ಲಿ ತಲೆ ಕಡಿದ ಬರ್ಚ್ ಮರಗಳ ಪೆನ್ನಿನ ಚಿತ್ರವನ್ನೂ ಬರೆದ: ಗಂಟುಗಟ್ಟಿದ ಮೊಂಡು ತಲೆ, ಅದರಿಂದ ಚಿಮ್ಮಿದ ಸಣ್ಣ ಕೋಲುಗಳು. ಬ್ರಬಾಂಟಿನ ನೋಟವೇ ಇದು. ಡೊಮ್ಮೆಲ್ ನದಿಯ ದಡದ ವಿಲ್ಲೋಗಳನ್ನು ಈಗಲೂ ಕೆಲವು ವರ್ಷಕ್ಕೊಮ್ಮೆ ಹೀಗೆ ಸವರುತ್ತಾರೆ. ಸೌದೆಗೆ, ಹಿಡಿಕೆಗೆ, ಬೇಲಿಗೆ ಕೋಲು ಬೇಕಿದ್ದ ಕಾಲದ ಜಾಣತನ ಅದು. ನಮ್ಮಲ್ಲಿ ರೇಷ್ಮೆ ಬೆಳೆಗಾರರು ಹಿಪ್ಪುನೇರಳೆಯನ್ನು ಬುಡಕ್ಕೆ ಕತ್ತರಿಸುವುದೂ ಎಲೆಗಾಗಿಯೇ. ವಿಲ್ಲೋಗೆ ಅದು ಒಗ್ಗುತ್ತದೆ, ನೋಡಲೂ ಗಂಭೀರ.

ಆದರೆ ಆ ಕೈ ಅಭ್ಯಾಸ ಕ್ರೇಪ್ ಮಿರ್ಟಲ್ ಮೇಲೂ ಬೀಳುತ್ತದೆ. ಕೂಲಿಗೆ ಬಂದ ತೋಟದವನಿಗೆ ಹೇಳದೆ ಬಿಟ್ಟರೆ ಮಾರ್ಚ್‌ನಲ್ಲಿ ಎಲ್ಲ ಕಾಂಡವನ್ನೂ ಎದೆಮಟ್ಟಕ್ಕೆ ಕತ್ತರಿಸಿ ಹೋಗುತ್ತಾನೆ. ಅಮೆರಿಕದ ದಕ್ಷಿಣದಲ್ಲೂ ಇದೇ ಪಿಡುಗು, ಅಲ್ಲಿನ ತೋಟಗಾರರು ಅದನ್ನು ಕೊಲೆ ಎಂದೇ ಕರೆಯುತ್ತಾರೆ. ಕತ್ತರಿಸಿದಲ್ಲಿಂದ ಉದ್ದನೆಯ ಬಳುಕು ರೆಂಬೆಗಳು ಬರುತ್ತವೆ, ಹೂಗೊಂಚಲಿನ ಭಾರಕ್ಕೆ ಮಳೆಯಲ್ಲಿ ನೆಲ ಮುಟ್ಟುತ್ತವೆ. ತೊಗಟೆ ಸುಲಿಯುವುದು ಹಳೆಯ ದಪ್ಪ ಮರದಲ್ಲಿ ಮಾತ್ರ. ಪ್ರತಿ ವರ್ಷ ಕತ್ತರಿಸಿದರೆ ಎದೆಮಟ್ಟದ ಮೇಲೆ ಹಳೆಯ ಮರ ಎನ್ನುವುದೇ ಹುಟ್ಟುವುದಿಲ್ಲ.

ಸರಿಯಾದ ಕತ್ತರಿ ಕೆಲಸ ಕೆಳಗಿನದು. ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ, ಗಟ್ಟಿ ಚಳಿ ಕಳೆದ ಮೇಲೆ, ಈ ಕ್ರಮದಲ್ಲಿ ನೋಡಿ: ಸತ್ತದ್ದು, ಒಂದಕ್ಕೊಂದು ಉಜ್ಜುವುದು (ಉಜ್ಜಿದಲ್ಲಿ ತೊಗಟೆ ಗಾಯವಾಗುತ್ತದೆ), ಒಳಮುಖ ಬೆಳೆದದ್ದು, ಬುಡದ ಪುಟ್ಟ ಚಿಗುರುಗಳು. ಆಮೇಲೆ ಕಾಂಡಗಳ ಕೆಳಗಿನ ಅಡ್ಡರೆಂಬೆಗಳು, ವರ್ಷಕ್ಕೆ ಸ್ವಲ್ಪ ಸ್ವಲ್ಪ ಮೇಲೇರುತ್ತಾ, ಸೊಂಟ ದಾಟಿ ಎದೆಯವರೆಗೆ. ಒಂದೇ ವರ್ಷ ಎಲ್ಲವನ್ನೂ ತೆಗೆದರೆ ಕಾಂಡ ದಪ್ಪವಾಗದೆ ಕೊಕ್ಕರೆ ಕಾಲಾಗುತ್ತದೆ. ಬೆರಳಿಗಿಂತ ತೆಳ್ಳಗಿರುವಾಗಲೇ ತೆಗೆದರೆ ಗಾಯದ ಗುರುತು ಉಳಿಯುವುದಿಲ್ಲ. ದಪ್ಪವಾದ ಮೇಲೆ ಗರಗಸ ಹಾಕಿದರೆ ಆ ಕಲೆ ನೀವು ಇರುವವರೆಗೂ ಕಾಣುತ್ತದೆ. ಒಣ ಬೀಜಕೋಶಗಳನ್ನು ತೆಗೆಯಲು ಏಣಿ ಹತ್ತುವ ಅಗತ್ಯವಿಲ್ಲ, ಅವು ತಾವೇ ಬೀಳುತ್ತವೆ.

9. ಸುಲಿಯುವ ಕೆಲಸ ಮರದ್ದು

ಚಕ್ಕೆ ಅರ್ಧ ಎದ್ದಿರುವುದನ್ನು ಕಂಡರೆ ದೊಡ್ಡವರ ಕೈಯೂ ತುರಿಸುತ್ತದೆ, ಮಕ್ಕಳನ್ನು ಕೇಳಲೇಬೇಡಿ. ಸಡಿಲವಾದದ್ದು ಬಂದರೆ ಬರಲಿ. ಎಳೆದು ಕಿತ್ತರೆ ಕೆಳಗಿನ ಪದರ ಹಸಿಯಾಗಿ ತೆರೆದುಕೊಂಡು ಕಂದು ಕಲೆ ಬೀಳುತ್ತದೆ.

ಇಲ್ಲಿನ ತೇವಕ್ಕೆ ಉತ್ತರದ ಮಗ್ಗುಲಲ್ಲಿ ಹಸಿರು ಪಾಚಿ ಹತ್ತುತ್ತದೆ. ಟೈಲ್ಸಿಗೆ ಹೊಡೆಯುವ ಪಾಚಿನಾಶಕ, ಒತ್ತಡದ ನೀರಿನ ಯಂತ್ರ ಎರಡೂ ಮರದ ಹತ್ತಿರ ಬರಬಾರದು. ಮಾರ್ಚ್‌ನ ಒಂದು ಬೆಚ್ಚನೆ ದಿನ ಉಗುರುಬೆಚ್ಚಗಿನ ನೀರು, ಹಳೆಯ ಬನಿಯನ್ ಬಟ್ಟೆ ಸಾಕು. ಇಂಗ್ಲೆಂಡಿನ ದೊಡ್ಡ ತೋಟಗಳಲ್ಲಿ ಬಿಳಿ ಬರ್ಚ್‌ಗಳ ಕಾಂಡ ತೊಳೆಯುವುದು ಹೀಗೆಯೇ. ದೀಪಾವಳಿಗೆ ಸುತ್ತಿದ ಲೈಟಿನ ಸರವನ್ನು ಹಬ್ಬ ಮುಗಿದ ಮೇಲೆ ಬಿಚ್ಚಿ. ಬೇಸಿಗೆವರೆಗೆ ಬಿಟ್ಟರೆ ತಂತಿ ಕಾಂಡಕ್ಕೆ ಕಚ್ಚುತ್ತದೆ. ಹುಲ್ಲು ಕತ್ತರಿಸುವ ದಾರದ ಯಂತ್ರ ತಾಗದಂತೆ ಬುಡದ ಸುತ್ತ ಒಂದು ಮೊಳ ಹುಲ್ಲಿಲ್ಲದ ಪಾತಿ ಇರಲಿ.

10. ಹೂವು ಬಂದ ವರ್ಷ

ಬಂದರೆ ಸಾಮಾನ್ಯವಾಗಿ ಗೌರಿ-ಗಣೇಶದ ಹೊತ್ತಿಗೆ ಬರುತ್ತದೆ. ಮಡಿಚಿದ ಕಾಗದದಂಥ ದಳ ಕೈಗೆ ಬಂದ ಅರ್ಧ ದಿನಕ್ಕೆ ಬಾಡುತ್ತದೆ, ಮಾಲೆಗೆ ಆಗದು; ಗೊಂಚಲನ್ನೇ ಮುರಿದು ತಂಬಿಗೆಯಲ್ಲಿಡಿ. ಎಲೆ ಮೇಲೆ ಬೂದಿ ಕಂಡರೆ ಗಾಳಿ ಆಡುವಂತೆ ಒಳರೆಂಬೆ ತೆಗೆಯಿರಿ, ಸಂಜೆ ಎಲೆ ನೆನೆಸಬೇಡಿ. ಹೇನು ಬಂದರೆ ಪೈಪಿನ ನೀರಿನಿಂದ ತೊಳೆದರೆ ಸಾಕು. ಇವೆರಡಕ್ಕೂ ಔಷಧಿ ಕೊಳ್ಳುವುದು ದಂಡ. ಹೂವು ಬಾರದ ವರ್ಷವೂ ಅಕ್ಟೋಬರಿನಲ್ಲಿ ಎಲೆ ಕಿತ್ತಳೆ, ಕೆಂಪಾಗುತ್ತದೆ.

11. ಬಿಸಿಲಿಲ್ಲದವರು ಬೇರೆ ಮರ ನೋಡಿ

ಉತ್ತರಕ್ಕೆ ಮುಖ ಮಾಡಿದ ಹಿತ್ತಲಲ್ಲಿ ಕ್ರೇಪ್ ಮಿರ್ಟಲ್ ನೆಡಬೇಡಿ. ನಾನು ಇದರ ಪಕ್ಷಪಾತಿಯಾಗಿಯೇ ಹೇಳುತ್ತಿದ್ದೇನೆ. ಅರ್ಧ ನೆರಳು, ತೇವದ ಹುಳಿ ಮಣ್ಣು ಇದ್ದರೆ ಜಪಾನಿನ ಸ್ಟುವರ್ಷಿಯಾ ಇದೆ. ಚಹಾ ಗಿಡದ ಕುಟುಂಬದ್ದು, ಜೂನ್-ಜುಲೈನಲ್ಲಿ ಹಳದಿ ನಡುವಿನ ಬಿಳಿ ಹೂವು, ಬಣ್ಣ ಬಣ್ಣದ ತೇಪೆಗಳ ಕಾಂಡ. ನಿಧಾನ, ದುಬಾರಿ, ಬರಗಾಲಕ್ಕೆ ಹೆದರುತ್ತದೆ. ಯಾವ ಆರೈಕೆಯೂ ಆಗದು ಎನ್ನುವವರಿಗೆ ಚೀನಾದ ಹೆಪ್ಟಕೋಡಿಯಂ. 1907ರಲ್ಲಿ ಅರ್ನೆಸ್ಟ್ ವಿಲ್ಸನ್ ಹುಬೈ ಪ್ರಾಂತ್ಯದಲ್ಲಿ ಕಂಡದ್ದು, ತೋಟಗಳಿಗೆ ಬಂದದ್ದು 1980ರ ಚೀನಾ-ಅಮೆರಿಕ ಜಂಟಿ ಸಂಗ್ರಹಯಾತ್ರೆಯ ಮೇಲೆ. ಚಳಿಗೆ ಜಗ್ಗದು, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಬಿಳಿ ಪರಿಮಳದ ಹೂವು, ಜೇನುನೊಣಗಳ ಜಾತ್ರೆ, ತೊಗಟೆ ಉದ್ದುದ್ದ ಪಟ್ಟಿಯಾಗಿ ಬಿಚ್ಚಿಕೊಳ್ಳುತ್ತದೆ. ಹೊಳಪು ಕೆಂಪು ಬೇಕೆಂದರೆ ಟಿಬೆಟಿನ ಚೆರ್ರಿ, ಪ್ರೂನಸ್ ಸೆರುಲಾ. ಹೂವು ಸಾಧಾರಣ, ಕಾಂಡ ಪಾಲಿಷ್ ಹಾಕಿದ ಹಾಗೆ. ಕ್ರೇಪ್ ಮಿರ್ಟಲ್‌ಗೆ ಒಗ್ಗದ ಜಾಗದಲ್ಲಿ ಹೆಪ್ಟಕೋಡಿಯಂ ನೆಟ್ಟ ಯಾರೂ ನನ್ನನ್ನು ಬೈದಿಲ್ಲ.

12. ಮನೆ ಬಿಡುವಾಗ

ನಮ್ಮವರಲ್ಲಿ ಹಲವರ ಲೆಕ್ಕ ನಿಂತಿರುವುದು 30 ಪರ್ಸೆಂಟ್ ರೂಲಿಂಗ್ ಮೇಲೆ. ಹೊರದೇಶದಿಂದ ಬಂದ ನೌಕರರಿಗೆ ಸಿಗುವ ಆ ತೆರಿಗೆ ರಿಯಾಯಿತಿ ಮೊದಲು ಎಂಟು ವರ್ಷ ಇತ್ತು, 2019ರಿಂದ ಐದು. ಅದು ಮುಗಿಯುವ ಹೊತ್ತಿಗೆ ಕೆಲವರು ಬೆಂಗಳೂರಿಗೆ, ಕೆಲವರು ಬೇರೆ ದೇಶಕ್ಕೆ. ಮರದ ತೊಗಟೆ ಕಣ್ಣಿಗೆ ಕಾಣುವಂತಾಗುವುದೂ ಅದೇ ಐದಾರನೇ ವರ್ಷಕ್ಕೆ. ಬಾಡಿಗೆ ಮನೆಯವರು ಮಾಲೀಕನ ಒಪ್ಪಿಗೆ ಪಡೆದೇ ನೆಡಿ, ಇಲ್ಲದಿದ್ದರೆ ದೊಡ್ಡ ಕುಂಡದಲ್ಲಿಡಿ. ಹಡಗಿನಲ್ಲಿ ಊರಿಗೆ ಒಯ್ಯುವ ಯೋಚನೆ ಬಿಡಿ, ಸಸ್ಯ ಕ್ವಾರಂಟೈನ್ ನಿಯಮ ಬಿಡುವುದಿಲ್ಲ. ಬೆಂಗಳೂರಿನ ನರ್ಸರಿಯಲ್ಲೇ ಹೊಸದು ಕೊಳ್ಳಬಹುದು.

ಸ್ವಂತ ಮನೆ ಮಾರುವವರಿಗೆ ಒಂದು ವಿನಂತಿ. ಕೀಲಿ ಕೊಡುವ ದಿನ ಮೀಟರ್ ಓದು, ಗ್ಯಾರಂಟಿ ಕಾಗದಗಳ ಜೊತೆ ಡಚ್ಚಿನಲ್ಲಿ ಎರಡು ಸಾಲು ಬರೆದು ಬಿಡಿ: ಇದು ಮೇ ಮಧ್ಯಕ್ಕೆ ಚಿಗುರುತ್ತದೆ, ಮೇ ಮುಗಿಯುವ ಮೊದಲು ಸತ್ತಿದೆ ಎಂದು ಕೀಳಬೇಡಿ; ಇದರ ತಲೆ ಕತ್ತರಿಸಬೇಡಿ.